ಕೊಟ್ಟ ವಚನ ಮತ್ತು ಹೊರಬೇಕಾದ ನಷ್ಟ

ಮಾನವನು ಸಂಘಜೀವಿ. ಕುಟುಂಬ, ಊರು, ಪೇಟೆ, ರಾಷ್ಟ್ರ ಇವೆಲ್ಲವೂ ಒಬ್ಬರು ಇನ್ನೊಬ್ಬರಿಗೆ ಕೊಟ್ಟ ವಚನದ ಮೇಲೆಯೇ ನಿಂತಿವೆ. ವಚನ ಕೊಡುವುದು ಸುಲಭ. ಅದನ್ನು ಪಾಲಿಸುವಾಗ ಸ್ವಂತಕ್ಕೆ ನಷ್ಟವಾಗುವುದಾದರೆ ಏನು ಮಾಡಬೇಕು ಎಂಬುದೇ ನೀತಿಶಾಸ್ತ್ರದ ಕಠಿಣ ಪ್ರಶ್ನೆ. ಮ್ಯಾಟ್ರಿಕ್ ಮುಗಿಸಿ ತಂದೆಯವರ ಅಡತ ಅಂಗಡಿಯ ಗಾದಿಯನ್ನೇರಿದ ನಾನು ದೊಡ್ಡ ವಿದ್ವಾಂಸನಲ್ಲ. ಆದರೆ ಶಾಲೆಯ ಇತಿಹಾಸದ ಪುಸ್ತಕದಲ್ಲಿ ಎರಡು ಪುಟಗಳಲ್ಲಿ ಮುಗಿದುಹೋದ ಒಂದು ಸಂಸ್ಥೆಯ ಕಥೆ ಈ ಪ್ರಶ್ನೆಯೊಡನೆ ಬೆಸೆದುಕೊಂಡು ಇಂದಿಗೂ ನನ್ನನ್ನು ಕಾಡುತ್ತಿದೆ. ಅದು ರಾಷ್ಟ್ರ ಸಂಘ, ಅಂದರೆ ಲೀಗ್ ಆಫ್ ನೇಷನ್ಸ್.

1914ರಿಂದ 1918ರವರೆಗೆ ನಡೆದ ಮೊದಲ ಮಹಾಯುದ್ಧದಲ್ಲಿ ಸುಮಾರು 90 ಲಕ್ಷ ಸೈನಿಕರು ಮಡಿದರು. ಇಂತಹ ನರಮೇಧ ಮತ್ತೆಂದೂ ಜರುಗಬಾರದೆಂಬ ಸದಾಶಯದಿಂದ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಅವರು ರಾಷ್ಟ್ರಗಳೆಲ್ಲ ಒಂದಾಗಿ ಒಂದು ಸಂಘವನ್ನು ಕಟ್ಟಬೇಕೆಂದು ಹಟ ಹಿಡಿದರು. 1920ರ ಜನವರಿ 10ರಂದು ಆ ಸಂಘ ಅಸ್ತಿತ್ವಕ್ಕೆ ಬಂದಿತು. ಸ್ವಿಟ್ಜರ್‌ಲೆಂಡಿನ ಜಿನೀವಾ ನಗರ ಅದರ ಕೇಂದ್ರಸ್ಥಾನವಾಯಿತು. ಪರಾಧೀನವಾಗಿದ್ದರೂ ನಮ್ಮ ಭಾರತವು ಅದರ ಮೂಲ ಸದಸ್ಯರಲ್ಲಿ ಒಂದಾಗಿತ್ತು. ಆದರೆ ವಿಧಿಯ ವಿಪರ್ಯಾಸವನ್ನು ನೋಡಿರಿ: ಸಂಘವನ್ನು ಕಟ್ಟಿಸಿದ ವಿಲ್ಸನ್ ಅವರ ಸ್ವದೇಶವೇ ಅದರೊಳಗೆ ಬರಲಿಲ್ಲ. ಅಮೆರಿಕದ ಸೆನೆಟ್ ಸಭೆಯು 1919ರಲ್ಲಿಯೂ 1920ರಲ್ಲಿಯೂ ಆ ಒಪ್ಪಂದವನ್ನು ತಿರಸ್ಕರಿಸಿತು.

ಆದರೂ ಮೊದಲ ಹತ್ತು ವರ್ಷ ಸಂಘವು ಮಾಡಿದ ಸತ್ಕಾರ್ಯಗಳನ್ನು ಮರೆಯಲಾಗದು. ಓಲಾಂಡ್ ದ್ವೀಪಗಳಿಗಾಗಿ ಸ್ವೀಡನ್ ಮತ್ತು ಫಿನ್‌ಲೆಂಡ್ ದೇಶಗಳ ನಡುವೆ ಹುಟ್ಟಿದ ವ್ಯಾಜ್ಯವನ್ನು 1921ರಲ್ಲಿ ಶಾಂತಿಯಿಂದ ಬಗೆಹರಿಸಿತು. 1925ರಲ್ಲಿ ಗ್ರೀಸ್ ದೇಶದ ಸೈನ್ಯ ಬಲ್ಗೇರಿಯಾದ ಗಡಿ ದಾಟಿದಾಗ ಸಂಘವು ಹಿಂದೆ ಸರಿಯಲು ಆದೇಶಿಸಿತು. ಗ್ರೀಸ್ ಹಿಂದೆ ಸರಿದು 45,000 ಪೌಂಡು ಪರಿಹಾರವನ್ನೂ ಕೊಟ್ಟಿತು. ನಾರ್ವೆಯ ನಾನ್ಸೆನ್ ಅವರ ನೇತೃತ್ವದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಯುದ್ಧಕೈದಿಗಳು ತಮ್ಮ ತಮ್ಮ ಮನೆಗಳನ್ನು ಸೇರಿದರು. ನೆಲೆಯಿಲ್ಲದ ನಿರಾಶ್ರಿತರಿಗೆ ನಾನ್ಸೆನ್ ಹೆಸರಿನ ಗುರುತುಪತ್ರ ದೊರೆಯಿತು.

ಹಾಗಾದರೆ ಸಂಘ ಬಿದ್ದದ್ದು ಹೇಗೆ? ಚಿಕ್ಕವರಿಗೆ ಹೇಳಿದ ನ್ಯಾಯವನ್ನು ದೊಡ್ಡವರಿಗೆ ಹೇಳಬೇಕಾದ ಹೊತ್ತು ಬಂದಾಗ. 1931ರ ಸೆಪ್ಟೆಂಬರದಲ್ಲಿ ಜಪಾನಿನ ಸೈನ್ಯವು ಚೀನಾದ ಮಂಚೂರಿಯಾವನ್ನು ಆಕ್ರಮಿಸತೊಡಗಿತು. ಚೀನಾ ದೂರು ಕೊಟ್ಟಿತು. ಸಂಘವು ಲಿಟನ್ ಅವರ ಸಮಿತಿಯನ್ನು ನೇಮಿಸಿತು. ಸಮಿತಿ ಪ್ರಯಾಣ ಮಾಡಿ, ವಿಚಾರಿಸಿ, ವರದಿ ಬರೆದು, ಅದು ಸಭೆಯಲ್ಲಿ ಅಂಗೀಕಾರವಾಗುವಾಗ 1933ರ ಫೆಬ್ರುವರಿ ಬಂದಿತ್ತು. ವರದಿಯ ಪರವಾಗಿ 42 ಮತಗಳು, ವಿರುದ್ಧ ಜಪಾನಿನದೊಂದೇ ಮತ. ಜಪಾನಿನ ಪ್ರತಿನಿಧಿಗಳು ಎದ್ದು ಹೊರನಡೆದರು. ಉಳಿದವರು ಕುಳಿತೇ ಇದ್ದರು. ಮಂಚೂರಿಯಾ ಚೀನಾಕ್ಕೆ ಮರಳಲಿಲ್ಲ.

ನಿಜವಾದ ಪರೀಕ್ಷೆ 1935ರಲ್ಲಿ ಬಂದಿತು. ಆ ವರ್ಷದ ಅಕ್ಟೋಬರ್ 3ರಂದು ಮುಸೋಲಿನಿಯ ಇಟಲಿಯು ಇಥಿಯೋಪಿಯಾದ ಮೇಲೆ ದಂಡೆತ್ತಿ ಹೋಯಿತು. ಎರಡೂ ಸಂಘದ ಸದಸ್ಯ ರಾಷ್ಟ್ರಗಳೇ. ಆಕ್ರಮಣ ಮಾಡಿದವನೊಡನೆ ಉಳಿದವರೆಲ್ಲರೂ ವ್ಯಾಪಾರ ವ್ಯವಹಾರವನ್ನು ಕಡಿದುಕೊಳ್ಳಬೇಕೆಂದು ಸಂಘದ ನಿಯಮಾವಳಿಯ 16ನೆಯ ವಿಧಿ ಸ್ಪಷ್ಟವಾಗಿ ಹೇಳುತ್ತಿತ್ತು. ಅಹಿಂಸೆಯನ್ನು ನಂಬಿದ ನಾವು ಈ ವಿಧಿಯನ್ನು ವಿಶೇಷವಾಗಿ ಗಮನಿಸಬೇಕು. ಒಂದು ಗುಂಡನ್ನೂ ಹಾರಿಸದೆ, ಕೇವಲ ತನ್ನ ಲಾಭವನ್ನು ತಾನೇ ತ್ಯಾಗಮಾಡಿ, ಅನ್ಯಾಯವನ್ನು ತಡೆಯುವ ದಾರಿ ಅದಾಗಿತ್ತು.

ಬಹಿಷ್ಕಾರವೇನೋ ನವೆಂಬರದಲ್ಲಿ ಜಾರಿಗೆ ಬಂದಿತು. ಆದರೆ ಅದರ ಪಟ್ಟಿಯನ್ನು ಓದಿದರೆ ನಮ್ಮಂತಹ ವ್ಯಾಪಾರಿಗಳಿಗೆ ಮರ್ಮ ಕೂಡಲೇ ತಿಳಿಯುತ್ತದೆ. ಶಸ್ತ್ರಾಸ್ತ್ರ, ಸಾಲ, ರಬ್ಬರು, ತವರ ಇವೆಲ್ಲ ನಿಷಿದ್ಧ. ಯುದ್ಧದ ಗಾಲಿ ಉರುಳಲು ಬೇಕಾದ ಎಣ್ಣೆ, ಕಲ್ಲಿದ್ದಲು, ಉಕ್ಕು ಮಾತ್ರ ಪಟ್ಟಿಯಲ್ಲಿಲ್ಲ! ನಾವು ಎಣ್ಣೆ ಮಾರದಿದ್ದರೆ ಸಂಘದ ಹೊರಗಿರುವ ಅಮೆರಿಕದವರು ಮಾರುತ್ತಾರೆ, ನಮಗೆ ನಷ್ಟ, ಅವರಿಗೆ ಲಾಭ ಎಂದು ವಾದಿಸಲಾಯಿತು. ಬ್ರಿಟನ್ನಿನ ಹಿಡಿತದಲ್ಲಿದ್ದ ಸುಯೆಜ್ ಕಾಲುವೆಯ ಮೂಲಕ ಇಟಲಿಯ ಹಡಗುಗಳು ಸುಂಕ ತೆತ್ತು ಸೈನಿಕರನ್ನು ಸಾಗಿಸಿದವು. 1936ರ ಮೇ ತಿಂಗಳಲ್ಲಿ ರಾಜಧಾನಿ ಆದಿಸ್ ಅಬಾಬಾ ಇಟಲಿಯ ವಶವಾಯಿತು. ಜೂನ್ 30ರಂದು ದೇಶಭ್ರಷ್ಟ ಚಕ್ರವರ್ತಿ ಹೈಲೆ ಸೆಲಾಸಿಯವರು ಜಿನೀವಾದ ಸಭೆಯಲ್ಲಿ ನಿಂತು ತಮ್ಮ ಪ್ರಜೆಗಳ ಮೇಲೆ ಸುರಿದ ವಿಷಾನಿಲದ ವೃತ್ತಾಂತವನ್ನು ಹೇಳಿದರು. ಇಟಲಿಯ ಪತ್ರಕರ್ತರು ಸಿಳ್ಳೆ ಹಾಕಿದರು. ಜುಲೈ ತಿಂಗಳಲ್ಲಿ ಬಹಿಷ್ಕಾರವನ್ನೇ ಹಿಂತೆಗೆದುಕೊಳ್ಳಲಾಯಿತು.

ಇದನ್ನೋದಿ ಆ ದೊಡ್ಡ ರಾಷ್ಟ್ರಗಳನ್ನು ನಿಂದಿಸಲು ನನಗೆ ನಾಲಿಗೆ ಏಳುವುದಿಲ್ಲ. ಅನೇಕ ವರ್ಷಗಳ ಹಿಂದೆ ಪೇಟೆಯ ವ್ಯಾಪಾರಿಯೊಬ್ಬರು ರೈತರ ಜೋಳವನ್ನು ತೂಗುವಾಗ ಮೋಸ ಮಾಡುತ್ತಿದ್ದುದು ಬಯಲಾಯಿತು. ನಾವೆಲ್ಲ ಕೂಡಿ, ತಪ್ಪು ಒಪ್ಪಿಕೊಂಡು ರೈತರ ಬಾಕಿ ಕೊಡುವವರೆಗೆ ಅವರೊಡನೆ ಯಾರೂ ವ್ಯವಹರಿಸಕೂಡದೆಂದು ಠರಾವು ಮಾಡಿದೆವು. ಮೂರನೆಯ ಸಹಿ ನನ್ನದು. ಸುಗ್ಗಿ ಬಂದಿತು. ಅವರ ಬಳಿ ಒಳ್ಳೆಯ ಮಾಲು ಇತ್ತು, ದರವೂ ಕಡಿಮೆ. ನಾನು ಕೊಳ್ಳದಿದ್ದರೆ ಇನ್ನೊಬ್ಬರು ಕೊಳ್ಳುತ್ತಾರೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ರಾತ್ರಿ ಮಾಲು ತರಿಸಿದೆ. ಆಮೇಲೆ ತಿಳಿಯಿತು, ಸಹಿ ಮಾಡಿದವರಲ್ಲಿ ಬಹುತೇಕರು ಹೀಗೆಯೇ ಮಾಡಿದ್ದರು. ಠರಾವು ಸತ್ತುಹೋಯಿತು. ರೈತರಿಗೆ ಬಾಕಿ ಸಿಗಲಿಲ್ಲ. ಆ ವರ್ಷದ ಖಾತೆಯಲ್ಲಿ ಲಾಭವೆಂದು ಬರೆದದ್ದನ್ನು ನೆನೆದರೆ ಇಂದಿಗೂ ತಲೆ ತಗ್ಗುತ್ತದೆ.

ಸಂಘಕ್ಕೆ ಸ್ವಂತ ಸೈನ್ಯವಿರಲಿಲ್ಲ, ಮುಖ್ಯ ನಿರ್ಣಯಗಳಿಗೆ ಸರ್ವಾನುಮತ ಬೇಕಾಗಿತ್ತು, ಆದ್ದರಿಂದಲೇ ಅದು ಬಿದ್ದಿತು ಎಂದು ತಿಳಿದವರು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಸೈನ್ಯ ಬೇಕೆಂದರೂ ಅದರ ಖರ್ಚನ್ನು ಯಾರಾದರೂ ಹೊರಬೇಕಷ್ಟೆ? ಲಾಭವನ್ನೇ ಬಿಟ್ಟುಕೊಡದವರು ಮಕ್ಕಳನ್ನು ಯುದ್ಧಕ್ಕೆ ಕಳುಹಿಸುವರೇ? ಒಳ್ಳೆಯ ನಿಯಮ ಬರೆಯುವುದರಿಂದ ಅರ್ಧ ಕೆಲಸವಾಗುತ್ತದೆ. ಉಳಿದರ್ಧ, ನಿಯಮ ನಮ್ಮ ಕಿಸೆಗೆ ಕೈಹಾಕಿದ ದಿನ ನಾವು ಏನು ಮಾಡುತ್ತೇವೆ ಎಂಬುದರಲ್ಲಿದೆ. ಅಂದು ಎಣ್ಣೆಯ ಲಾಭವನ್ನು ಉಳಿಸಿಕೊಂಡವರು 1939ರಿಂದ 1945ರವರೆಗಿನ ಎರಡನೆಯ ಮಹಾಯುದ್ಧದಲ್ಲಿ ಅದರ ಸಾವಿರ ಪಟ್ಟು ತೆತ್ತರು.

1946ರ ಏಪ್ರಿಲ್‌ನಲ್ಲಿ ಸಂಘವು ಕೊನೆಯ ಸಭೆ ಸೇರಿ ತನ್ನನ್ನು ತಾನೇ ವಿಸರ್ಜಿಸಿಕೊಂಡು ಕಟ್ಟಡ, ಆಸ್ತಿಗಳನ್ನು ವಿಶ್ವಸಂಸ್ಥೆಗೆ ಒಪ್ಪಿಸಿತು. ಅದರ ಬಾಳು ಪೂರ್ತಿ ವ್ಯರ್ಥವಾಯಿತೆನ್ನಲಾರೆ. 1919ರಲ್ಲಿ ಜೊತೆಗೇ ಹುಟ್ಟಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಇಂದಿಗೂ ಜಿನೀವಾದಲ್ಲಿ ಕೆಲಸ ಮಾಡುತ್ತಿದೆ. ರಾಷ್ಟ್ರಗಳು ಒಂದೇ ಮೇಜಿನ ಸುತ್ತ ಕುಳಿತು ವ್ಯಾಜ್ಯ ಬಗೆಹರಿಸಬಹುದೆಂಬ ರೂಢಿ ಅಲ್ಲಿಂದಲೇ ಬಲವಾಯಿತು. ವಿಶ್ವಸಂಸ್ಥೆಯಲ್ಲಿಯೂ ಐದು ದೊಡ್ಡ ರಾಷ್ಟ್ರಗಳ ನಿಷೇಧಾಧಿಕಾರ ನ್ಯಾಯದ ಕೈ ಕಟ್ಟುವುದನ್ನು ಕಾಣುತ್ತಿದ್ದೇವೆ. ಹಾಗೆಂದು ಅಂತಹ ಸಂಸ್ಥೆಯೇ ಬೇಡವೆನ್ನುವುದು ತಕ್ಕಡಿಯಲ್ಲಿ ಮೋಸವಿದೆಯೆಂದು ತೂಗುವುದನ್ನೇ ಬಿಟ್ಟಂತೆ.

ಸಹೃದಯ ವಾಚಕರೇ, ಉತ್ಸವದ ಈ ಶುಭದಿನಗಳಲ್ಲಿ ನಾವೂ ಅನೇಕ ಸಂಕಲ್ಪಗಳನ್ನು ಮಾಡುತ್ತೇವೆ. ಸಂಕಲ್ಪ ಮಾಡುವ ಮೊದಲು ಇದಕ್ಕಾಗಿ ನಾನು ಎಷ್ಟು ನಷ್ಟ ಹೊರಬಲ್ಲೆ ಎಂದು ಏಕಾಂತದಲ್ಲಿ ಲೆಕ್ಕ ಹಾಕೋಣ. ಹೊರುವಷ್ಟಕ್ಕೇ ಸಹಿ ಮಾಡೋಣ. ಸಹಿ ಮಾಡಿದ್ದನ್ನು ಸುಗ್ಗಿ ಬಂದಾಗಲೂ ಪಾಲಿಸೋಣ.