ಹವ್ಯಾಸಿಯ ಹೊಣೆ

ನೌಕರಿಯ ನಿಮಿತ್ತ ಊರು ಬಿಟ್ಟು ಮಹಾನಗರಗಳಲ್ಲಿ ನೆಲೆಸಿದ ನಮ್ಮವರಲ್ಲಿ ಬಿಡುವಿನ ವೇಳೆ ಚಿತ್ರ ಬರೆಯುವವರಿಗೇನೂ ಕೊರತೆಯಿಲ್ಲ. ಬ್ಯಾಂಕಿನ ಗುಮಾಸ್ತರಿದ್ದಾರೆ, ಶಾಲೆಯ ಉಪಾಧ್ಯಾಯಿನಿಯರಿದ್ದಾರೆ, ರಂಗೋಲಿಯಿಟ್ಟ ಕೈಯಲ್ಲೇ ಕುಂಚ ಹಿಡಿದ ಗೃಹಿಣಿಯರಿದ್ದಾರೆ. ಆದರೆ ಉತ್ಸಾಹದಿಂದ ಆರಂಭಿಸಿದ ಅನೇಕರ ಬಣ್ಣದ ಪೆಟ್ಟಿಗೆ ಒಂದೆರಡು ವರ್ಷಗಳಲ್ಲೇ ಅಟ್ಟ ಸೇರುತ್ತದೆ. ಕೇಳಿದರೆ "ಪುರುಸೊತ್ತೆಲ್ಲಿದೆ?" ಎನ್ನುತ್ತೇವೆ. ಈ ಉತ್ತರದ ಹಿಂದೆ ನಿಜವಾಗಿ ಅಡಗಿರುವುದು ಬೇರೊಂದು ಸಂಶಯ. ಹೇಗೂ ನಾವು ದೊಡ್ಡ ಕಲಾವಿದರಾಗುವಂತಿಲ್ಲ. ಹಾಗಿರುವಾಗ ಸಂಸಾರಕ್ಕೆ ಸಲ್ಲಬೇಕಾದ ಹೊತ್ತನ್ನು ಇದಕ್ಕೆ ಕೊಡುವುದು ನ್ಯಾಯವೆ?

ಕೀರ್ತಿಯೊಂದೇ ಗುರಿಯಾಗಿದ್ದರೆ ನ್ಯಾಯವಲ್ಲವೆಂದೇ ಹೇಳಬೇಕಾಗುತ್ತದೆ. ಆದರೆ ಕಲೆಯಿಂದ ದೊರೆಯುವುದು ಅದೊಂದೇ ಅಲ್ಲ. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯನ್ನು ಕರ್ಮಭೂಮಿಯಾಗಿಸಿಕೊಂಡ ಕೆ. ಕೆ. ಹೆಬ್ಬಾರರನ್ನು ನೆನೆಯೋಣ. ರೇಖೆಯ ಲಯವನ್ನು ಅರಿಯಲೆಂದು ಈ ಚಿತ್ರಕಾರರು ಕಥಕ್ ನೃತ್ಯವನ್ನೂ ಅಭ್ಯಾಸ ಮಾಡಿದರು. ಅವರು ನರ್ತಕರೆಂದು ಹೆಸರಾಗಲಿಲ್ಲ. ಆ ಉದ್ದೇಶವೂ ಅವರಿಗಿರಲಿಲ್ಲ. ಹಾಗೆಂದು ಆ ಶ್ರಮ ವ್ಯರ್ಥವಾಯಿತೆನ್ನುವವರು ಯಾರು? ಕುಣಿತವನ್ನು ಮೈಯಲ್ಲಿ ಅರಿತ ಮೇಲೆ ಅವರ ಕಣ್ಣು ಬೇರೆಯಾಯಿತು. ದೊಡ್ಡ ಕಲಾವಿದನೂ ಇನ್ನೊಂದು ಕಲೆಯ ಮುಂದೆ ಹವ್ಯಾಸಿಯಾಗಿಯೇ ನಿಲ್ಲುತ್ತಾನೆ, ನಿಂತು ಬೆಳೆಯುತ್ತಾನೆ.

ಕಣ್ಣು ಬೇರೆಯಾಗುವುದೆಂದರೇನು? ಮೇಜಿನ ಮೇಲಿನ ಕಾಫಿಯ ಲೋಟವನ್ನೇ ಬರೆದು ನೋಡಬಹುದು. ಲೋಟದ ಬಾಯಿ ದುಂಡಗಿದೆಯೆಂದು ನಮಗೆ ಗೊತ್ತು. ಆದ್ದರಿಂದ ದುಂಡಗೆ ಬರೆಯುತ್ತೇವೆ, ಚಿತ್ರ ಕೆಡುತ್ತದೆ. ನಾವು ಕುಳಿತ ಜಾಗದಿಂದ ಕಾಣುವುದು ಚಪ್ಪಟೆಯಾದ ಅಂಡಾಕಾರ. ಕೈ ತಪ್ಪಿದ್ದಲ್ಲ, ಕಂಡದ್ದನ್ನು ಬಿಟ್ಟು ತಿಳಿದದ್ದನ್ನು ಬರೆದದ್ದೇ ತಪ್ಪು. ಪ್ರಗತಿಯೆಂದರೆ ಬಹುಮಟ್ಟಿಗೆ ಇಷ್ಟೇ: ಮೊದಲೇ ಮಾಡಿಕೊಂಡ ತೀರ್ಮಾನವನ್ನು ಬದಿಗಿಟ್ಟು, ಎದುರಿಗಿರುವುದನ್ನು ಇದ್ದಂತೆ ಕಾಣುವುದು. ಈ ಅಭ್ಯಾಸ ಲೋಟಕ್ಕೆ ಮಾತ್ರವಲ್ಲ, ನೆರೆಮನೆಯವರನ್ನು ಕಾಣುವುದಕ್ಕೂ ಬೇಕಾದದ್ದು. ಹವ್ಯಾಸಿಯಾದರೂ ಚೆನ್ನಾಗಿ ಬರೆಯಬೇಕೆಂಬ ಹೊಣೆ ಹುಟ್ಟುವುದು ಇಲ್ಲಿಯೇ.

ಉತ್ಸಾಹವನ್ನು ಕುಂದಿಸುವ ಶತ್ರುಗಳು ಎರಡು. ಒಂದು, ನೆಂಟರಿಷ್ಟರ ಹೊಗಳಿಕೆ. ಇಂದು ಬರೆದ ಚಿತ್ರ ಮೊಬೈಲಿನಲ್ಲಿ ಹತ್ತು ಮನೆಗಳಿಗೆ ಹೋಗಿ, ಹತ್ತು ಕಡೆಯಿಂದಲೂ "ಭೇಷ್" ಬರುತ್ತದೆ. ಕಲಿಯುವುದು ಅಲ್ಲಿಗೇ ನಿಲ್ಲುತ್ತದೆ. ಇನ್ನೊಂದು, ಮಹಾಕಲಾವಿದರೊಡನೆ ಹೋಲಿಕೆ. ಅದರಿಂದ ಕೈಯೇ ಏಳದಾಗುತ್ತದೆ. ಎರಡಕ್ಕೂ ಮದ್ದು ಒಂದೇ. ಬರೆದ ಹಾಳೆಗೆಲ್ಲ ತಾರೀಖು ಹಾಕಿ, ಕೆಟ್ಟದ್ದನ್ನೂ ಹರಿಯದೆ ಇಟ್ಟು, ವರ್ಷದ ಕೊನೆಗೆ ನಮ್ಮ ಚಿತ್ರವನ್ನು ನಮ್ಮದೇ ಹಳೆಯ ಚಿತ್ರದೊಡನೆ ಹೋಲಿಸುವುದು.

ಇನ್ನು ಹೊತ್ತಿನ ಮಾತು. ಹೆಂಡತಿ ಪಾತ್ರೆ ತಿಕ್ಕುತ್ತಿರುವಾಗ ಗಂಡ ಬಣ್ಣ ಕಲಸುತ್ತ ಕುಳಿತರೆ ಅದನ್ನು ಕಲಾಸೇವೆ ಎನ್ನಲಾಗದು. ಕದ್ದ ಹೊತ್ತಿನಲ್ಲಿ ಮನಸ್ಸು ನಿಲ್ಲುವುದೂ ಇಲ್ಲ. ಮನೆಯವರೊಡನೆ ಮಾತಾಡಿ ದಿನಕ್ಕೆ ಅರ್ಧ ಗಂಟೆ ಗೊತ್ತುಮಾಡಿಕೊಳ್ಳಬೇಕು. ಅವರ ಹಾಡಿಗೋ ಓದಿಗೋ ಅಷ್ಟೇ ಹೊತ್ತನ್ನು ನಾವೂ ಬಿಟ್ಟುಕೊಡಬೇಕು. ಹಾಗೆ ಹಂಚಿಕೊಂಡ ಅರ್ಧ ಗಂಟೆ ಯಾರಿಗೂ ಅನ್ಯಾಯ ಮಾಡುವುದಿಲ್ಲ.

ವಯಸ್ಸು ಮೀರಿತೆನ್ನುವವರು ರವೀಂದ್ರನಾಥ ಠಾಕೂರರನ್ನು ನೆನೆಯಬಹುದು. ಹಸ್ತಪ್ರತಿಗಳಲ್ಲಿ ಹೊಡೆದುಹಾಕಿದ ಪದಗಳನ್ನೇ ಜೋಡಿಸಿ ಆಕೃತಿಗಳನ್ನು ಮೂಡಿಸುತ್ತಿದ್ದ ಅವರು ಚಿತ್ರಕಲೆಯಲ್ಲಿ ಗಂಭೀರವಾಗಿ ತೊಡಗಿದ್ದು ಅರವತ್ತು ದಾಟಿದ ಮೇಲೆ. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆಯಿತು. ನಮಗೆ ಆ ಪ್ರತಿಭೆಯಿಲ್ಲದಿರಬಹುದು. ಆದರೆ ಹೊಡೆದುಹಾಕಿದ ಗೆರೆಯಿಂದಲೇ ಮುಂದುವರಿಯುವುದಕ್ಕೆ ಪ್ರತಿಭೆ ಬೇಕಿಲ್ಲ, ತಾಳ್ಮೆ ಸಾಕು.

ಹಾಡುತ್ತ ಹಾಡುತ್ತ ರಾಗ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ರಾಗ ಬಂದ ಮೇಲೆ ಹಾಡೋಣವೆಂದು ಅವರು ಹೇಳಲಿಲ್ಲ. ಉತ್ಸಾಹವೂ ಹಾಗೆಯೇ, ನಾವು ಕುಂಚ ಹಿಡಿದು ಕುಳಿತ ಮೇಲೆ, ತುಸು ತಡವಾಗಿ, ಅದೂ ಬಂದು ಪಕ್ಕದಲ್ಲಿ ಕುಳಿತುಕೊಳ್ಳುತ್ತದೆ.