ವಿದ್ಯೆಯೂ ಕೃತಜ್ಞತೆಯೂ

ಪರೀಕ್ಷೆಯ ಫಲಗಳು ಪ್ರಕಟವಾಗುವ ದಿನಗಳಲ್ಲಿ ನಮ್ಮ ಮನೆಗಳಲ್ಲಿ ದೇವರ ಸ್ಮರಣೆಯು ಹೆಚ್ಚುವುದನ್ನು ಎಲ್ಲರೂ ಬಲ್ಲರು. ತೇರ್ಗಡೆಯಾದವನ ತಾಯಿಯು ಹೊತ್ತ ಹರಕೆಯನ್ನು ತೀರಿಸುವಳು. ಕ್ರೈಸ್ತರ ಮನೆಯಾದರೆ ಮುಂದಿನ ಭಾನುವಾರ ದೇವಾಲಯದಲ್ಲಿ ಕೃತಜ್ಞತೆಯ ಕಾಣಿಕೆಯು ಸಲ್ಲುವುದು. ತೇರ್ಗಡೆಯಾಗದವನ ಮನೆಯಲ್ಲಿ ಮಾತ್ರ ಅಂದು ಹರಕೆಯೂ ಇಲ್ಲ, ಸ್ತೋತ್ರವೂ ಇಲ್ಲ. ಇದನ್ನು ಕಾಣುವಾಗ, ನಾವು ಕೃತಜ್ಞತೆಯೆಂದು ಕರೆಯುವುದು ಗೆದ್ದವರು ತೆರುವ ಒಂದು ಬಗೆಯ ಸುಂಕವೇ ಆಗಿರಬಹುದೋ ಎಂಬ ಸಂದೇಹವು ಮನಸ್ಸಿನಲ್ಲಿ ಏಳದೆ ಇರದು.

ಈ ಸಂದೇಹವನ್ನು ಹರಿತಗೊಳಿಸಿದುದು ನನಗೆ ಪರಿಚಿತನಾದ ಒಬ್ಬ ಕ್ರೈಸ್ತ ತರುಣನ ಮಾತು. ಅವನ ವ್ಯಾಸಂಗದ ಕಡೆಯ ವರ್ಷದಲ್ಲಿ ತಂದೆಯವರು ತೀರಿಕೊಂಡರು. ಅವನು ಹುಡುಗರಿಗೆ ಮನೆಪಾಠ ಹೇಳಿ ಶುಲ್ಕಕ್ಕೆ ಹಣ ಕೂಡಿಸಿದನು. ನಡುವೆ ಜ್ವರದಿಂದ ಒಂದು ತಿಂಗಳು ಮಲಗಿದನು. ಆದರೂ ಓದನ್ನು ಬಿಡದೆ ತೇರ್ಗಡೆಯಾದನು. ಅದಕ್ಕಿಂತ ದೊಡ್ಡ ಸಂಗತಿಯೊಂದು ಅದೇ ವರ್ಷ ನಡೆಯಿತು: ಅಲ್ಲಿಯವರೆಗೆ ಹಿರಿಯರಿಂದ ಬಂದ ಮನೆಯ ಪಾತ್ರೆಪದಾರ್ಥಗಳಂತೆ ಇದ್ದ ನಂಬಿಕೆಯು ಅವನ ಸ್ವಂತದ್ದಾಯಿತು. ಬಂಧುಗಳೆಲ್ಲರೂ, "ಎಲ್ಲವೂ ಒಳ್ಳೆಯದಕ್ಕೇ ಆಯಿತು, ಕಳೆದ ವರ್ಷಕ್ಕಾಗಿ ದೇವರಿಗೆ ಸ್ತೋತ್ರ ಸಲ್ಲಿಸು" ಎಂದರು. ಅವನು ನನ್ನಲ್ಲಿಗೆ ಬಂದು ಕೇಳಿದನು: "ಅಯ್ಯನವರೆ, ಆ ವರ್ಷಕ್ಕಾಗಿ ಸ್ತೋತ್ರ ಸಲ್ಲಿಸಿದರೆ ಅಪ್ಪನ ಮರಣಕ್ಕೂ ಸ್ತೋತ್ರ ಸಲ್ಲಿಸಿದಂತೆ ಆಗುವುದಲ್ಲವೆ? ಸಲ್ಲಿಸದಿದ್ದರೆ ಆಗ ನನಗೆ ದೊರೆತುದನ್ನು ಅಲ್ಲಗಳೆದಂತೆ ಆಗುವುದಲ್ಲವೆ? ನಾನು ಏನು ಮಾಡಲಿ?"

ಅಂದು ನಾನು ತಕ್ಕ ಉತ್ತರವನ್ನು ಕೊಡಲಾರದೆ ಹೋದೆನು. ಬಳಿಕ ಯೋಚಿಸಿದುದನ್ನು ವಾಚಕರ ಮುಂದೆ ಇಡುತ್ತೇನೆ.

ಮೊದಲು ಶಬ್ದವನ್ನೇ ನೋಡೋಣ. ಕೃತಜ್ಞನೆಂದರೆ ಕೃತವನ್ನು, ಎಂದರೆ ತನಗಾಗಿ ಮಾಡಲ್ಪಟ್ಟುದನ್ನು, ಬಲ್ಲವನು. ಆದುದರಿಂದ ಕೃತಜ್ಞತೆಯು ಕೇವಲ ಸಂತೋಷದ ಉಕ್ಕಲ್ಲ. ಅದು ಒಂದು ಜ್ಞಾನ. ಜ್ಞಾನವಾದ ಮೇಲೆ ಅದು ಸತ್ಯಕ್ಕೆ ಕಟ್ಟುಬಿದ್ದುದು. ನಡೆಯದುದನ್ನು ನಡೆಯಿತೆಂದೂ, ಕೆಟ್ಟುದನ್ನು ಒಳ್ಳೆಯದೆಂದೂ ಹೇಳಿ ಯಾರೂ ಕೃತಜ್ಞರಾಗಲಾರರು. ಗೆದ್ದಾಗ ಮಾತ್ರ ಸ್ತುತಿಸುವುದು ವ್ಯಾಪಾರ. ನೋವನ್ನೇ ಒಳ್ಳೆಯದೆಂದು ಹೊಗಳುವುದು ಅಸತ್ಯ. ಈ ಎರಡನ್ನೂ ಬಿಟ್ಟ ಮೂರನೆಯ ದಾರಿಯೊಂದು ಉಂಟೆ ಎಂಬುದೇ ಆ ತರುಣನ ಪ್ರಶ್ನೆ. ಈ ದಾರಿಯನ್ನು ನಡೆದು ತೋರಿಸಿದವನೆಂದು ನನಗೆ ತೋರುವವನು ಸಂತ ಅಗಸ್ಟೀನನು.

ಅಗಸ್ಟೀನನು 354ನೆಯ ಇಸವಿ ನವೆಂಬರ್ 13ರಂದು ಉತ್ತರ ಆಫ್ರಿಕದ ತಾಗಸ್ತೆ ಎಂಬ ಊರಿನಲ್ಲಿ ಹುಟ್ಟಿದನು. ಇಂದು ಅದು ಆಲ್ಜೀರಿಯಾ ದೇಶದ ಸೂಕ್ ಅಹ್ರಾಸ್ ಪಟ್ಟಣ. ತಾಯಿ ಮೋನಿಕಾ ಕ್ರೈಸ್ತಳು. ತಂದೆಯು ಸಾಧಾರಣ ಸ್ಥಿತಿಯವನು. ಹದಿನಾರನೆಯ ವಯಸ್ಸಿನಲ್ಲಿ ಹಣದ ಅಭಾವದಿಂದ ಹುಡುಗನ ಓದು ಒಂದು ವರ್ಷ ನಿಂತಿತು. ಮುಂದೆ ಊರಿನ ಧನಿಕನಾದ ರೊಮಾನಿಯಾನಸ್ ಎಂಬವನ ಸಹಾಯದಿಂದ ಕಾರ್ಥೇಜಿನಲ್ಲಿ ಕಲಿತನು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸಿಸೆರೊ ಬರೆದ 'ಹೊರ್ಟೆನ್ಸಿಯಸ್' ಎಂಬ ಗ್ರಂಥವನ್ನು ಓದಿ ತತ್ತ್ವಜ್ಞಾನದ ಹಂಬಲವನ್ನು ಪಡೆದನು. ಒಂಬತ್ತು ವರ್ಷ ಮಾನಿ ಎಂಬವನ ಮತವನ್ನು ಅನುಸರಿಸಿ, ಅಲ್ಲಿಯೂ ತೃಪ್ತಿ ಕಾಣದೆ, 384ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ವಾಗ್ಮಿತೆಯ ಅಧ್ಯಾಪಕನಾದನು. ಅದು ಚಕ್ರವರ್ತಿಯ ಆಸ್ಥಾನವಿದ್ದ ನಗರ. ಆ ಪದವಿಯು ದೊಡ್ಡದು. ಲೋಕದ ಕಣ್ಣಿಗೆ ಅವನು ತೇರ್ಗಡೆಯಾದವನು.

ಆದರೆ ಅವನ ಒಳಗಿನ ಸ್ಥಿತಿಯು ಬೇರೆಯಾಗಿತ್ತು. ಒಂದು ದಿನ ಚಕ್ರವರ್ತಿಯ ಸ್ತುತಿಯ ಭಾಷಣವನ್ನು ಸಿದ್ಧಪಡಿಸಿಕೊಂಡು ಹೋಗುತ್ತಿದ್ದಾಗ ಬೀದಿಯಲ್ಲಿ ಒಬ್ಬ ಭಿಕ್ಷುಕನು ಕುಡಿದು ನಗುತ್ತಿದ್ದುದನ್ನು ಕಂಡನು. ತಾನು ಹೇಳಲಿರುವುದು ಸುಳ್ಳು. ಕೇಳುವವರೂ ಅದನ್ನು ಸುಳ್ಳೆಂದು ಬಲ್ಲರು. ಇಷ್ಟೆಲ್ಲ ಓದಿ, ಇಷ್ಟೆಲ್ಲ ಬಳಲಿ, ತಾನು ಹುಡುಕುತ್ತಿರುವ ನೆಮ್ಮದಿಯು ಈ ಭಿಕ್ಷುಕನಿಗೆ ನಾಲ್ಕು ಕಾಸಿನಲ್ಲಿ, ಹುಸಿಯಾಗಿಯಾದರೂ, ದೊರಕಿತಲ್ಲ ಎಂದು ಅವನು ಜೊತೆಯವರೊಡನೆ ನೊಂದು ನುಡಿದನು. ಓದಿದವರಲ್ಲಿ ಯಾರಿಗೆ ತಾನೆ ಇಂತಹ ಒಂದು ಬೀದಿ ಎದುರಾಗಿಲ್ಲ?

386ರ ಬೇಸಗೆಯಿಂದ 387ರ ಈಸ್ಟರಿನವರೆಗಿನ ಕಾಲವು ಅವನ ನಿಜವಾದ ವ್ಯಾಸಂಗದ ವರ್ಷ. ಎದೆಯ ಬೇನೆಯಿಂದ ಅವನಿಗೆ ಗಟ್ಟಿಯಾಗಿ ಮಾತನಾಡುವುದೇ ಕಷ್ಟವಾಯಿತು. ಮಾತೇ ಜೀವನೋಪಾಯವಾದವನಿಗೆ ಇದು ಎಂತಹ ಪೆಟ್ಟೆಂಬುದನ್ನು ಹೇಳಬೇಕಾಗಿಲ್ಲ. ಪ್ಲೇಟೋ ಮತದವರ ಗ್ರಂಥಗಳು ಅವನಿಗೆ ಗುರಿಯನ್ನು ತೋರಿಸಿದವು, ನಡೆಯುವ ಬಲವನ್ನು ಕೊಡಲಿಲ್ಲ. ಕಡೆಗೆ ಒಂದು ತೋಟದಲ್ಲಿ, ಕಣ್ಣೀರಿನ ನಡುವೆ, ನೆರೆಮನೆಯ ಮಗುವಿನದೆಂದು ತೋರಿದ ಒಂದು ದನಿಯನ್ನು ಕೇಳಿ, ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು ತೆರೆದು ಓದಿದನು; ಅಲ್ಲಿ ಅವನ ಮನಸ್ಸು ನಿಂತಿತು. ಇದು ಪ್ರಸಿದ್ಧವಾದ ಕಥೆ. ಅದರ ಮುಂದಿನ ತಿಂಗಳುಗಳನ್ನು ಬಹುಮಂದಿ ನೆನೆಯರು.

ದ್ರಾಕ್ಷಿಯ ಸುಗ್ಗಿಯ ರಜೆಯವರೆಗೆ ಪಾಠವನ್ನು ಹೇಗೋ ನಡೆಸಿ, ಅವನು ವೆರೆಕುಂಡಸ್ ಎಂಬ ಮಿತ್ರನ ಹಳ್ಳಿಯ ಮನೆಗೆ ಹೋದನು. ಜೊತೆಗೆ ತಾಯಿ, ಮಗ, ಮಿತ್ರನಾದ ಅಲಿಪಿಯಸ್ ಮತ್ತು ಇಬ್ಬರು ಶಿಷ್ಯರು. ಹಗಲಿನಲ್ಲಿ ಹುಡುಗರಿಗೆ ವರ್ಜಿಲನ ಕಾವ್ಯವನ್ನು ಹೇಳಿಕೊಡುವುದು, ಎಲ್ಲರೂ ಕೂಡಿ ತತ್ತ್ವವಿಚಾರ ಮಾಡುವುದು. ರಾತ್ರಿಯಲ್ಲಿ ಕತ್ತಲೆಯಲ್ಲಿ ಎಚ್ಚರವಾಗಿದ್ದು ಯೋಚಿಸುವುದು. ಒಂದು ರಾತ್ರಿ ಕಾಲುವೆಯ ನೀರಿನ ಸದ್ದು ಒಮ್ಮೆ ಏರಿ ಒಮ್ಮೆ ಇಳಿಯುವುದನ್ನು ಕೇಳಿ ಅವನು ಕಾರಣವನ್ನು ವಿಚಾರಿಸಿದನು. ಉದುರಿದ ಎಲೆಗಳು ಕಾಲುವೆಯನ್ನು ಕಟ್ಟುವುದೂ, ನೀರು ಅವನ್ನು ನೂಕಿಕೊಂಡು ಹರಿಯುವುದೂ ಅದಕ್ಕೆ ಕಾರಣವೆಂದು ಒಬ್ಬ ಶಿಷ್ಯನು ಹೇಳಿದನು. ಅಷ್ಟರಿಂದ ಲೋಕದ ಕ್ರಮವೆಂಬುದೇನು, ಕೇಡಿಗೆ ಅದರಲ್ಲಿ ಸ್ಥಳವುಂಟೆ ಎಂಬ ದೊಡ್ಡ ಚರ್ಚೆಯು ಹುಟ್ಟಿತು. ಹಲ್ಲುನೋವು ಬಂದು ಬಾಯಿ ತೆರೆಯಲಾರದಾದಾಗ ಮೇಣದ ಹಲಗೆಯ ಮೇಲೆ ಬರೆದು ತೋರಿಸಿ, ತನಗಾಗಿ ಪ್ರಾರ್ಥಿಸಿರೆಂದು ಕೂಡಿದ್ದವರನ್ನು ಬೇಡಿದನು. ವಾಗ್ಮಿಯೆನಿಸಿಕೊಂಡವನು ಮೂಕನಾಗಿ ಬೇಡುವುದನ್ನು ಕಲಿತುದು ಹೀಗೆ. ಏನನ್ನು ಓದಬೇಕೆಂದು ಬಿಷಪ್ ಆಂಬ್ರೋಸನನ್ನು ಪತ್ರದ ಮೂಲಕ ಕೇಳಿದಾಗ, ಯೆಶಾಯನ ಪ್ರವಾದನೆಯನ್ನು ಓದೆಂದು ಉತ್ತರ ಬಂದಿತು. ಅಗಸ್ಟೀನನು ಅದರ ಆರಂಭವನ್ನು ಓದಿ, ಅರ್ಥವಾಗದೆ, ಮುಂದೆ ನೋಡೋಣವೆಂದು ಮುಚ್ಚಿಟ್ಟನು. ತನ್ನ ಕಾಲದ ದೊಡ್ಡ ಪಂಡಿತನು ಇದನ್ನು ನಾಚದೆ ಬರೆದಿಟ್ಟಿರುವುದು ನಮ್ಮ ವಿದ್ಯಾರ್ಥಿಗಳಿಗೆ ಧೈರ್ಯ ಕೊಡತಕ್ಕ ಸಂಗತಿಯಲ್ಲವೆ?

387ರ ಈಸ್ಟರಿನಲ್ಲಿ ಅವನೂ, ಮಗನಾದ ಅದಿಯೋದಾತನೂ, ಅಲಿಪಿಯಸನೂ ಆಂಬ್ರೋಸನಿಂದ ದೀಕ್ಷಾಸ್ನಾನವನ್ನು ಹೊಂದಿದರು. ಕಥೆಯು ಇಲ್ಲಿಗೆ ಮುಗಿದಿದ್ದರೆ ಅದು ಗೆದ್ದವನ ಕೃತಜ್ಞತೆಯೇ ಆಗುತ್ತಿದ್ದಿತು. ಆದರೆ ಅದೇ ವರ್ಷ, ಊರಿಗೆ ಹಿಂದಿರುಗುವ ದಾರಿಯಲ್ಲಿ, ಓಸ್ತಿಯಾ ರೇವಿನಲ್ಲಿ ಮೋನಿಕಾ ತನ್ನ 56ನೆಯ ವರ್ಷದಲ್ಲಿ ಜ್ವರದಿಂದ ತೀರಿಕೊಂಡಳು. ಕೆಲವೇ ವರ್ಷಗಳಲ್ಲಿ, ತಾರುಣ್ಯಕ್ಕೆ ಕಾಲಿಡುತ್ತಿದ್ದ ಮಗನೂ ತೀರಿಹೋದನು. ಹತ್ತು ವರ್ಷಗಳ ಮೇಲೆ, 397ರ ಸುಮಾರಿಗೆ, ಆಫ್ರಿಕದಲ್ಲಿ ಬಿಷಪನಾಗಿದ್ದ ಅವನು ಈ ಕಾಲವನ್ನೆಲ್ಲ ನೆನೆದು 'ಕನ್ಫೆಷನ್ಸ್' ಎಂಬ ಗ್ರಂಥವನ್ನು ಬರೆಯತೊಡಗಿದನು. ಹದಿಮೂರು ಪರಿಚ್ಛೇದಗಳ ಆ ಗ್ರಂಥವೆಲ್ಲವೂ ದೇವರನ್ನು ನೇರವಾಗಿ ಸಂಬೋಧಿಸಿ ನುಡಿದುದು. ಆ ಹೆಸರಿನ ಲ್ಯಾಟಿನ್ ಮೂಲಕ್ಕೆ ತಪ್ಪನ್ನು ಒಪ್ಪಿಕೊಳ್ಳುವುದೆಂದೂ, ಸ್ತುತಿಸುವುದೆಂದೂ ಎರಡರ್ಥಗಳುಂಟು. ಸತ್ಯವನ್ನು ನುಡಿಯುವುದೂ ಸ್ತೋತ್ರ ಮಾಡುವುದೂ ಒಂದೇ ಶಬ್ದದಲ್ಲಿ ಕೂಡಿರುವುದನ್ನು ಗಮನಿಸಬೇಕು.

ಇನ್ನು ಅವನು ಯಾವುದಕ್ಕಾಗಿ ಸ್ತುತಿಸಿದನು? ಬಾಲ್ಯದ ಶಾಲೆಯ ವಿಚಾರದಲ್ಲಿ ಅವನು ಹೇಳುವ ಮಾತು ಇಲ್ಲಿ ಬಹು ಉಪಯುಕ್ತವಾದುದು. ಹುಡುಗನಾಗಿದ್ದಾಗ ಅವನಿಗೆ ಬೆತ್ತದ ಏಟುಗಳು ಬೀಳುತ್ತಿದ್ದವು; ಹೊಡೆತ ತಪ್ಪಲೆಂದು ಅವನು ದೇವರನ್ನು ಬೇಡಿಕೊಂಡರೆ ಹಿರಿಯರು ನಗುತ್ತಿದ್ದರು. ಮುಂದೆ ಆ ಕಲಿಕೆಯು ಅವನಿಗೆ ಉಪಯೋಗಕ್ಕೆ ಬಂದಿತು. ಆದರೂ ಅವನು ಬೆತ್ತವನ್ನು ಹೊಗಳಲಿಲ್ಲ. ಮನಸ್ಸಿಲ್ಲದೆ ಕಲಿತ ತಾನೂ ಸರಿಯಾಗಿ ನಡೆಯಲಿಲ್ಲ, ಬಲವಂತ ಮಾಡಿದವರೂ ಸರಿಯಾಗಿ ನಡೆಯಲಿಲ್ಲ. ಅದರಿಂದ ಬಂದ ಒಳಿತು ದೇವರಿಂದ ಬಂದುದು ಎಂಬುದು ಅವನ ತೀರ್ಮಾನ. ತಾಯಿಯ ಮರಣದಲ್ಲಿಯೂ ಹಾಗೆಯೇ. ಮೊದಲು ಅಳುವನ್ನು ತಡೆಹಿಡಿದನು; ಬಳಿಕ ಏಕಾಂತದಲ್ಲಿ ಅತ್ತನು; ಅತ್ತುದನ್ನು ಬರೆದಿಟ್ಟನು. ತಾಯಿ ಸತ್ತುದಕ್ಕೆ ಅವನ ಸ್ತೋತ್ರವಲ್ಲ; ಅಂತಹ ತಾಯಿ ಇದ್ದುದಕ್ಕೆ ಸ್ತೋತ್ರ. ಕಷ್ಟದಲ್ಲಿ ದೊರೆತುದು ಬೇರೆ, ಕಷ್ಟವು ಬೇರೆ. ಬೆಂಕಿ ಬಿದ್ದ ಮನೆಯಿಂದ ಮಗುವನ್ನು ಎತ್ತಿ ತಂದವನಿಗೆ ನಾವು ಕೈಮುಗಿಯುತ್ತೇವೆ, ಬೆಂಕಿಗೆ ಕೈಮುಗಿಯುವುದಿಲ್ಲ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಸಹಾಯ ಮಾಡಿದವರು ಮನುಷ್ಯರು, ಓದಿದವನು ವಿದ್ಯಾರ್ಥಿ, ನಡುವೆ ದೇವರಿಗೆ ಸಲ್ಲತಕ್ಕದ್ದೇನು? ಈ ಪ್ರಶ್ನೆಗೆ ಅಗಸ್ಟೀನನು ಮಗನೊಡನೆ ನಡೆಸಿದ ಸಂವಾದರೂಪದ 'ಉಪಾಧ್ಯಾಯ' ಎಂಬ ಗ್ರಂಥದಲ್ಲಿ ವಿಚಾರವುಂಟು. ಉಪಾಧ್ಯಾಯನ ಮಾತುಗಳು ಸಂಕೇತಗಳು ಮಾತ್ರ. ಅವು ಕಿವಿಯವರೆಗೆ ಬರುವುವು. ಹೇಳಿದುದು ನಿಜವೆಂದು ಶಿಷ್ಯನು ಕಾಣುವುದು ತನ್ನೊಳಗಿನ ಬೆಳಕಿನಲ್ಲಿ. ಆ ಒಳಗಿನ ಗುರುವೇ ಕ್ರಿಸ್ತನೆಂದು ಅವನು ಹೇಳುತ್ತಾನೆ. ಓದಿದವರೆಲ್ಲರೂ ಇದರ ಮೊದಲ ಭಾಗವನ್ನು ಅನುಭವದಿಂದ ಬಲ್ಲರು. ತಿಂಗಳುಗಟ್ಟಲೆ ತಲೆಗೆ ಹತ್ತದ ಗಣಿತದ ಒಂದು ಸಿದ್ಧಾಂತವು ಯಾವುದೋ ಬೆಳಗಿನಲ್ಲಿ ತಟ್ಟನೆ ತಿಳಿಯುವುದು. ಶ್ರಮವಿಲ್ಲದೆ ಅದು ಬಾರದು, ನಿಜ. ಆದರೆ ಶ್ರಮಪಟ್ಟವರಿಗೆಲ್ಲ ಬರುವುದೂ ಇಲ್ಲ. ನೇಗಿಲು ನಮ್ಮದು, ಮಳೆಯು ನಮ್ಮದಲ್ಲ. ಎರಡನೆಯ ಭಾಗವು ನಂಬಿಕೆಗೆ ಸೇರಿದುದು. ತರ್ಕದಿಂದ ಯಾರ ಮೇಲೂ ಹೊರಿಸತಕ್ಕದ್ದಲ್ಲ. ಆದರೆ ನಾನು ಪಡೆಯದೆ ಇದ್ದುದು ನನ್ನಲ್ಲಿ ಏನಿದೆ ಎಂದು ಒಮ್ಮೆ ನಿಜವಾಗಿ ಕೇಳಿಕೊಂಡವನು, ಕೊಟ್ಟವನು ಯಾರೆಂದು ಕೇಳದೆ ಬಹುಕಾಲ ಇರಲಾರನು. ಕಷ್ಟದ ವರ್ಷವು ಮಾಡುವ ಉಪಕಾರವಿಷ್ಟೆ: ಎಲ್ಲವೂ ನನ್ನ ಸಂಪಾದನೆಯೆಂಬ ಭ್ರಾಂತಿಗೆ ಅದು ಎಡೆಗೊಡುವುದಿಲ್ಲ.

ಆದರೆ ಇದೇ ಅಗಸ್ಟೀನನ ಕಥೆಯಲ್ಲಿ ನಾವು ಎಚ್ಚರಗೊಳ್ಳಬೇಕಾದ ಒಂದು ಸ್ಥಳವೂ ಉಂಟು. ಅವನ ಮಗನ ತಾಯಿಯು ಹತ್ತಕ್ಕೂ ಹೆಚ್ಚು ವರ್ಷ ಅವನೊಡನೆ ಬಾಳಿದವಳು, ವಿವಾಹಿತ ಪತ್ನಿಯಲ್ಲ. ಮಿಲಾನಿನಲ್ಲಿ ಅವನಿಗೆ ಕುಲೀನ ವಿವಾಹವೊಂದನ್ನು ಗೊತ್ತುಮಾಡಿದಾಗ, ಅವಳನ್ನು ಆಫ್ರಿಕಕ್ಕೆ ಕಳುಹಿಸಲಾಯಿತು. ಇನ್ನೊಬ್ಬ ಪುರುಷನನ್ನು ಕೂಡೆನೆಂದು ಪ್ರತಿಜ್ಞೆ ಮಾಡಿ, ಮಗನನ್ನು ಬಿಟ್ಟು ಅವಳು ಹೊರಟುಹೋದಳು. ಆ ಗಾಯದಿಂದ ತನ್ನ ಎದೆಯು ನೆತ್ತರಿಟ್ಟಿತೆಂದು ಅವನು ಬರೆದಿದ್ದಾನೆ. ಅವಳ ಹೆಸರನ್ನು ಮಾತ್ರ ಬರೆಯಲಿಲ್ಲ. ಅವನು ನಂಬಿಕೆಗೆ ಬಂದುದು ಅನಂತರ. ಆ ವಿವಾಹವೂ ನಡೆಯಲಿಲ್ಲ. ತಾಯಿಗೂ, ಮಿತ್ರರಿಗೂ, ಮನೆಯನ್ನು ಕೊಟ್ಟ ವೆರೆಕುಂಡಸನಿಗೂ ಅವನ ಸ್ತೋತ್ರದಲ್ಲಿ ಹೆಸರುಂಟು, ಇವಳಿಗೆ ಇಲ್ಲ. ಅವಳನ್ನು ಕಾಯುವುದಕ್ಕೆ ಹೆಸರನ್ನು ಮರೆಸಿದನೆಂದು ಹೇಳಬಹುದು. ಆದರೂ ಓದುವವನ ಮನಸ್ಸು ಅಲ್ಲಿ ತಡೆಯುವುದು. ಕೃತಜ್ಞನಿಗೆ ವಿರುದ್ಧವಾದವನು ಕೃತಘ್ನನು, ಎಂದರೆ ಮಾಡಿದುದನ್ನು ಕೊಲ್ಲುವವನು. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆತು, ದಡ ಸೇರಿಸಿದುದಕ್ಕೆ ದೇವರನ್ನು ಮಾತ್ರ ಕೊಂಡಾಡುವವನು ದೇವರ ಹೆಸರಿನಿಂದಲೇ ಕೂಲಿಯನ್ನು ತಪ್ಪಿಸಿಕೊಂಡಂತಾಗುವುದು. ದೇವರಿಗೆ ಸಲ್ಲಿಸುವ ಸ್ತೋತ್ರವು ಮನುಷ್ಯರ ಋಣವನ್ನು ತೀರಿಸದು; ಅದನ್ನು ಇನ್ನೂ ಸ್ಪಷ್ಟವಾಗಿ ತೋರಿಸುವುದು.

ಆ ತರುಣನಿಗೆ ಈಗ ನಾನು ಹೇಳಬಹುದಾದುದು ಇಷ್ಟು. ಅಪ್ಪನ ಮರಣಕ್ಕಾಗಿ ನೀನು ಸ್ತೋತ್ರ ಸಲ್ಲಿಸಬೇಕಾಗಿಲ್ಲ; ಸಲ್ಲಿಸೆಂದು ಹೇಳುವವರು ಒಳ್ಳೆಯ ಮನಸ್ಸಿನಿಂದ ಹೇಳಿದರೂ ತಪ್ಪು ಹೇಳುತ್ತಾರೆ. ಅಪ್ಪನಿಗಾಗಿ ಸಲ್ಲಿಸು. ಆ ವರ್ಷ ನಿನ್ನನ್ನು ಕೈಬಿಡದೆ ಇದ್ದವನಿಗೆ ಸಲ್ಲಿಸು. ಬಳಿಕ ಒಂದು ಕಾಗದವನ್ನು ತೆಗೆದುಕೊಂಡು, ಜ್ವರದಲ್ಲಿ ಗಂಜಿ ಕಾಯಿಸಿದವರು, ಪುಸ್ತಕವನ್ನು ಎರವಾಗಿ ಕೊಟ್ಟವರು, ಸಂಬಳವನ್ನು ಮುಂಗಡವಾಗಿ ಕೊಟ್ಟ ಹುಡುಗರ ತಂದೆತಾಯಿಗಳು, ನಿನ್ನ ಓದಿಗಾಗಿ ತನ್ನ ಓದನ್ನು ನಿಲ್ಲಿಸಿದ ತಂಗಿ, ಇವರೆಲ್ಲರ ಹೆಸರುಗಳನ್ನು ಒಂದನ್ನೂ ಬಿಡದೆ ಬರೆ. ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೂ ಆ ಪಟ್ಟಿಯು ಇಷ್ಟೇ ಉದ್ದವಾಗಿರುತ್ತಿದ್ದಿತು ಎಂಬುದನ್ನು ನೋಡು. ಅಷ್ಟು ತಿಳಿದವನ ವಿದ್ಯೆಯು ವ್ಯರ್ಥವಾಗಲಿಲ್ಲ.

ತಂಗಿಯ ಹೆಸರನ್ನು ಮೊದಲು ಬರೆಯಲಿ ಎಂದು ನನ್ನ ಆಸೆ. ಅವಳ ಓದು ಇನ್ನೂ ಮುಂದುವರಿಯಬಹುದು.