ಕಾಣದ ಕಣ್ಣಿಗೆ ಯಾವ ಅಂಕ?

ತೆಲಂಗಾಣದ ಪೊಲೀಸರು 2025ರ ಜನವರಿಯಲ್ಲಿ ಠಾಣೆಗಳ ಗೋಡೆಗೆ ಕ್ಯೂಆರ್ ಕೋಡ್ ಅಂಟಿಸಿ ಜನರ ಅಭಿಪ್ರಾಯ ಕೇಳತೊಡಗಿದರು. ದೂರು ಕೊಡಲು ಬಂದಾಗ ಸಿಬ್ಬಂದಿ ಹೇಗೆ ಮಾತನಾಡಿಸಿದರು, ಎಫ್‌ಐಆರ್ ದಾಖಲಾಯಿತೇ, ಪಾಸ್‌ಪೋರ್ಟ್ ಪರಿಶೀಲನೆ ಹೇಗಿತ್ತು ಎಂದು ಯಾರು ಬೇಕಾದರೂ ಮೊಬೈಲಿನಲ್ಲೇ ಬರೆಯಬಹುದು. ಠಾಣೆಯ ಮೆಟ್ಟಿಲು ಹತ್ತಲು ಅಳುಕುವ ನಾಡಿನಲ್ಲಿ ಅಧಿಕಾರ ತಾನಾಗಿ ಹೀಗೆ ಕೇಳುವುದು ಸಣ್ಣ ಮಾತಲ್ಲ. ಕೇಳುವವರು ತಮ್ಮಿಂದ ತಪ್ಪಾಗಿರಬಹುದೆಂದು ಅಷ್ಟರಮಟ್ಟಿಗೆ ಒಪ್ಪಿಕೊಂಡಿರುತ್ತಾರೆ.

ಆದರೆ ಇಲ್ಲಿ ಉತ್ತರಿಸಬಲ್ಲವರು ಪೊಲೀಸರನ್ನು ಮುಖಾಮುಖಿ ಕಂಡವರು. ತಮ್ಮ ಮಾತಿಗೆ ಬೇರೊಂದು ಕಿವಿ ಇತ್ತೆಂಬುದೇ ತಿಳಿಯದವರು ಏನೆಂದು ಬರೆದಾರು?

ಅದೇ ರಾಜ್ಯದ ಸ್ಪೆಷಲ್ ಇಂಟೆಲಿಜೆನ್ಸ್ ಬ್ಯೂರೋ ಇರುವುದು ಮಾವೋವಾದಿಗಳ ಮೇಲೆ ಕಣ್ಣಿಡಲು. ರಾಜಕಾರಣಿಗಳು, ಪತ್ರಕರ್ತರು, ಉದ್ಯಮಿಗಳ ಫೋನುಗಳನ್ನೂ ಅಲ್ಲಿ ಕದ್ದಾಲಿಸಲಾಗಿತ್ತು, 2023ರ ಡಿಸೆಂಬರಿನಲ್ಲಿ ಸರ್ಕಾರ ಬದಲಾಗುವ ಹೊತ್ತಿಗೆ ಹಾರ್ಡ್ ಡಿಸ್ಕ್‌ಗಳನ್ನು ನಾಶಮಾಡಲಾಯಿತು ಎಂಬ ಆರೋಪದ ಮೇಲೆ 2024ರ ಮಾರ್ಚ್‌ನಿಂದ ಅಧಿಕಾರಿಗಳ ಬಂಧನವಾಯಿತು. 2025ರಲ್ಲಿ ತನಿಖಾ ತಂಡ, ಕದ್ದಾಲಿಕೆಗೆ ಒಳಗಾದರೆನ್ನಲಾದವರನ್ನು ಕರೆಸಿ ಹೇಳಿಕೆ ಪಡೆಯಿತು. ಮಗಳೊಂದಿಗೆ ಆಡಿದ ಮಾತು, ವೈದ್ಯರಲ್ಲಿ ತೋಡಿಕೊಂಡ ಅಳಲು, ಹಳೆಯ ಗೆಳೆಯನ ಮೇಲಿನ ಮುನಿಸು, ಇವುಗಳಲ್ಲಿ ಯಾವುದು ಯಾರ ಕಿವಿಗೆ ಬಿದ್ದಿತ್ತೋ ಎಂದು ಒಂದೊಂದನ್ನೇ ನೆನೆಯುತ್ತ ಅಲ್ಲಿ ಕೂತವರ ಮನಸ್ಸು ಹೇಗಿದ್ದೀತು?

ಕಾವಲು ಬೇಡವೆನ್ನಲಾಗದು. 2007ರಲ್ಲಿ ಲುಂಬಿನಿ ಪಾರ್ಕ್ ಮತ್ತು ಗೋಕುಲ್ ಚಾಟ್‌ನಲ್ಲಿ ಬಾಂಬು ಸಿಡಿದದ್ದನ್ನು ಕಂಡ ಊರು ಹೈದರಾಬಾದ್. ಆದರೆ ಗುಟ್ಟಾಗಿ ತಿಳಿದುಕೊಳ್ಳುವ ಅಧಿಕಾರಕ್ಕೆ ಒಂದು ಚಾಳಿ ಅಂಟುತ್ತದೆ: ಇಂದು ಅಗತ್ಯಕ್ಕೆ ಕೇಳಿದ್ದನ್ನು ನಾಳೆ ಅನುಕೂಲಕ್ಕೂ ಕೇಳತೊಡಗುತ್ತದೆ. 2021ರಲ್ಲಿ ಹೈದರಾಬಾದಿನ ಪೊಲೀಸರು ಬೈಕ್ ಸವಾರರನ್ನು ತಡೆದು, ಮೊಬೈಲ್ ತೆರೆಸಿ, ವಾಟ್ಸ್‌ಆ್ಯಪ್‌ನಲ್ಲಿ 'ಗಾಂಜಾ' ಎಂಬ ಪದ ಹುಡುಕಿದರು. ನಡುಬೀದಿಯಲ್ಲಿ ಫೋನು ಚಾಚಿದ ಆ ಹುಡುಗರಲ್ಲಿ ಎಷ್ಟು ಮಂದಿಗೆ 'ಕೊಡುವುದಿಲ್ಲ' ಎನ್ನಬಹುದೆಂಬುದು ತಿಳಿದಿತ್ತು? ಆಮೇಲೆ ಜನ ಬಾಯಿ ಬಿಟ್ಟು ದೂರುವುದಿಲ್ಲ, 'ಫೋನಿನಲ್ಲಿ ಬೇಡ, ಸಿಕ್ಕಾಗ ಹೇಳ್ತೀನಿ' ಎನ್ನುತ್ತಾರೆ. ಆಡಳಿತದ ಬಗ್ಗೆ ಜನರ ನಿಜವಾದ ಅಭಿಪ್ರಾಯ ನನಗೆ ಈ ಮಾತಿನಲ್ಲೇ ಕೇಳಿಸುತ್ತದೆ, ಮತ್ತು ಅದು ಯಾವ ನಮೂನೆಯಲ್ಲೂ ದಾಖಲಾಗುವುದಿಲ್ಲ.

ಕನ್ನಡಿಗರಿಗೆ ಇದು ದೂರದ ಸಂಗತಿಯಲ್ಲ. ಫೋನ್ ಕದ್ದಾಲಿಕೆಯ ವಿವಾದದಲ್ಲೇ ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಸಾರಿದ್ದು ನಮ್ಮವರೇ ಆದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನ ಮೊಕದ್ದಮೆಯಲ್ಲಿ. ಇಳಿವಯಸ್ಸಿನಲ್ಲಿ ನ್ಯಾಯಾಲಯದ ಬಾಗಿಲು ತಟ್ಟಿದ ಆ ಹಿರಿಯರನ್ನು ನಾವು ಇನ್ನಷ್ಟು ನೆನೆಯಬೇಕಿತ್ತು.

ಆದರೂ ಇಂದಿಗೂ ಕದ್ದಾಲಿಕೆಗೆ ಅಪ್ಪಣೆ ಕೊಡುವವರು ಸರ್ಕಾರದ ಕಾರ್ಯದರ್ಶಿಗಳು, ಅದನ್ನು ಪರಿಶೀಲಿಸುವ ಸಮಿತಿಯಲ್ಲಿರುವವರೂ ಕಾರ್ಯದರ್ಶಿಗಳೇ. ಯಾರ ಮಾತನ್ನು ಆಲಿಸಲಾಯಿತೋ ಅವರಿಗೆ, ಕಾರ್ಯ ಮುಗಿದ ಮೇಲಾದರೂ, ತಿಳಿಸುವ ಕಟ್ಟಳೆಯಿಲ್ಲ. ಜರ್ಮನಿಯಲ್ಲಿ ಅಪರಾಧ ತನಿಖೆಗಾಗಿ ಫೋನು ಆಲಿಸಿದ್ದರೆ, ತನಿಖೆಗೆ ತೊಡಕಾಗದ ಹೊತ್ತಿಗೆ ಆ ವ್ಯಕ್ತಿಗೆ ತಿಳಿಸಬೇಕೆಂದು ಕಾನೂನೇ ಹೇಳುತ್ತದೆ. ಬಯಸಿದರೆ ಆತ ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಜನರ ಅನಿಸಿಕೆ ನಿಜಕ್ಕೂ ಬೇಕೆನ್ನುವ ಸರ್ಕಾರ ಅಂಥದೊಂದು ಪತ್ರ ಬರೆಯಲು ಏಕೆ ಹಿಂಜರಿಯಬೇಕು?